ಮಂಗಳವಾರದ ಮಾತ್ರೆ
ಬೆಳಗ್ಗೆ ಅಮ್ಮನ ಮಾತ್ರೆ ಡಬ್ಬಿ ತೆರೆದೆ. ಮಂಗಳವಾರದ ಖಾನೆಯಲ್ಲಿ ಬಿಪಿ ಮಾತ್ರೆ ಹಾಗೇ ಇತ್ತು. ನಿನ್ನೆ ಕೇಳಿದಾಗ "ತಗೊಂಡೆ ಕಣೋ" ಅಂದಿದ್ದಳು.

ತಕ್ಷಣ ನೆನಪಾಗಿದ್ದು ಅಬಿಲಿಫೈ ಮೈಸೈಟ್. 2017ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟ, ಸೆನ್ಸರ್ ಇರುವ ಮಾತ್ರೆ. ಸೆನ್ಸರ್ ಮರಳಿನ ಕಾಳಿನಷ್ಟೇ. ಹೊಟ್ಟೆಯ ರಸ ತಾಗಿದರೆ ಸಿಗ್ನಲ್ ಕೊಡುತ್ತದೆ. ಮೈಗೆ ಅಂಟಿಸಿದ ಪಟ್ಟಿ ಅದನ್ನು ಹಿಡಿದು ಫೋನಿಗೆ ಕಳಿಸುತ್ತದೆ. ರೋಗಿ ಒಪ್ಪಿದರೆ ಡಾಕ್ಟರಿಗೂ ಮನೆಯವರಿಗೂ ಗೊತ್ತಾಗುತ್ತದೆ.

ಆದರೆ ಅದನ್ನು ತಂದಿದ್ದು ಯಾರಿಗೆ? ಸ್ಕಿಜೋಫ್ರೀನಿಯಾ, ಬೈಪೋಲಾರ್‌ನಂಥ ಮಾನಸಿಕ ಕಾಯಿಲೆ ಇರುವವರಿಗೆ. ಯಾರೋ ನನ್ನನ್ನೇ ನೋಡ್ತಿದ್ದಾರೆ ಅನ್ನೋ ಭಯ ಅವರಲ್ಲಿ ಎಷ್ಟೋ ಜನರಿಗೆ ಮೊದಲೇ ಇರುತ್ತದೆ, ಅಲ್ವಾ? ನನಗಿದು ಇವತ್ತಿಗೂ ಒಪ್ಪಿಗೆಯಾಗಿಲ್ಲ. ಸೆನ್ಸರ್ ಮಾಡಿದ ಪ್ರೋಟಿಯಸ್ ಕಂಪನಿ 2020ರಲ್ಲಿ ದಿವಾಳಿ ಅರ್ಜಿ ಹಾಕಿತು.

ನಮ್ಮ ದೇಶದಲ್ಲಿ ಟಿಬಿ ರೋಗಿಗಳಿಗೆ 99ಡಾಟ್ಸ್ ಅಂತ ಬಂತು. ಮಾತ್ರೆ ಒತ್ತಿ ತೆಗೆದಾಗ ಹಿಂದೆ ಕಾಣುವ ನಂಬರಿಗೆ ಒಂದು ಮಿಸ್ಡ್ ಕಾಲ್, ಅಷ್ಟೇ. ನನಗೆ ಅದೇ ಜಾಸ್ತಿ ಇಷ್ಟ. ಅಲ್ಲಿ ಹೇಳುವುದು ರೋಗಿಯೇ, ಅವರ ಹೊಟ್ಟೆಯಲ್ಲ.

ಅಮ್ಮನ ಪಕ್ಕ ಕೂತು ಮೆಲ್ಲಗೆ ಕೇಳಿದೆ. "ಮರೆತೆ ಕಣೋ, ಬೈತೀಯ ಅಂತ ಹೇಳ್ಲಿಲ್ಲ" ಅಂದಳು. ಲೋಟದಲ್ಲಿ ನೀರು ತಂದುಕೊಟ್ಟೆ. ಬುಧವಾರದ ಖಾನೆ ಅವಳೇ ತೆರೆದಳು.