ನವರಾತ್ರಿ ರಜೆಯಲ್ಲಿ ಡಿಸ್ಕ್ ಪೆಟ್ಟಿಗೆ ಬೆಳೆಸಿದ್ದು

"ಗೇರುಬೀಜದ ಕಂಪನಿಗೆ ಅಷ್ಟು ದೊಡ್ಡ ಸ್ಟೋರೇಜ್ ಎಂಥಕ್ಕೆ ಮಾರಾಯ್ರೆ?" ನನ್ನ ಕೆಲಸದ ಬಗ್ಗೆ ಹೇಳಿದಾಗ ಹೆಚ್ಚಿನವರು ಕೇಳುವುದು ಇದನ್ನೇ. ನಮ್ಮ ಕಂಪನಿಯ ಆಫೀಸು ಮಂಗಳೂರಿನ ಹಳೆಯ ಬಂದರು ಪ್ರದೇಶದಲ್ಲಿದೆ, ಕಾರ್ಖಾನೆ ಬೈಕಂಪಾಡಿಯಲ್ಲಿ. ಎರಡೂ ಕಡೆಯ ಸರ್ವರ್, ನೆಟ್‌ವರ್ಕ್, ಬ್ಯಾಕಪ್ ನೋಡಿಕೊಳ್ಳುವವನು ನಾನು.

ಒಂದು ಲಾಟ್ ಬೀಜದ ಹಿಂದೆ ಎಷ್ಟು ಫೈಲ್ ಇರುತ್ತದೆ ಎಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಐವರಿ ಕೋಸ್ಟ್, ಬೆನಿನ್, ಟಾಂಜಾನಿಯಾದಂಥ ದೇಶಗಳಿಂದ ಕಚ್ಚಾ ಬೀಜ ಪಣಂಬೂರಿನ ಬಂದರಿಗೆ ಬರುತ್ತದೆ. ಕಸ್ಟಮ್ಸ್‌ಗೆ ಕೊಡುವ ಬಿಲ್ ಆಫ್ ಎಂಟ್ರಿ, ಕೀಟ ಇಲ್ಲ ಎನ್ನುವ ಸರ್ಟಿಫಿಕೇಟ್, ತೂಕದ ಚೀಟಿ, ತೇವಾಂಶದ ಲೆಕ್ಕ. ಆಮೇಲೆ ಕಟಿಂಗ್ ಟೆಸ್ಟ್. ಸ್ಯಾಂಪಲ್ ಬೀಜಗಳನ್ನು ಕತ್ತರಿಸಿ ಒಳ್ಳೆಯದು, ಕಲೆ ಇದ್ದದ್ದು, ಕೊಳೆತದ್ದು ಎಂದು ಬೇರೆ ಮಾಡಿ ತೂಗುತ್ತಾರೆ. 80 ಕಿಲೋ ಚೀಲದಿಂದ ಎಷ್ಟು ಪೌಂಡ್ ತಿರುಳು ಬರುತ್ತದೆ ಎಂಬ ಲೆಕ್ಕ ಅದರಿಂದ ಸಿಗುತ್ತದೆ. ಆ ತಟ್ಟೆಗಳ ಫೋಟೋ ಎಲ್ಲವೂ ಬೇಕು. ಕಳುಹಿಸಿದವರ ಜೊತೆ ಗುಣಮಟ್ಟದ ತಕರಾರು ಬಂದರೆ ಅದೇ ಸಾಕ್ಷಿ. ಹೋಗುವ ಮಾಲಿಗೂ ಹೀಗೇ. ಡಬ್ಲ್ಯು 320 ಗ್ರೇಡ್ ಎಂದರೆ ಒಂದು ಪೌಂಡಿಗೆ 320 ಬೀಜದವರೆಗೆ ಇರಬಹುದು ಎಂದರ್ಥ. ಆ ಎಣಿಕೆಯ ದಾಖಲೆಯಿಂದ ಹಿಡಿದು ಕಂಟೇನರ್ ತುಂಬಿಸುವ ವಿಡಿಯೋದವರೆಗೆ ಎಲ್ಲ ಇಡಬೇಕು.

ಬೇಡ ಎಂದು ಅಳಿಸುವ ಹಾಗೂ ಇಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ ಲೆಕ್ಕಪತ್ರ ಕನಿಷ್ಠ 8 ವರ್ಷ ಇಟ್ಟಿರಬೇಕು. 2023ರ ಏಪ್ರಿಲ್ 1ರಿಂದ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಯಾರು ಯಾವಾಗ ಏನು ತಿದ್ದಿದರು ಎಂಬುದೂ ದಾಖಲಾಗಬೇಕು, ಅದನ್ನು ಆಫ್ ಮಾಡುವಂತಿಲ್ಲ. ಪ್ರತಿದಿನದ ಬ್ಯಾಕಪ್ ಭಾರತದೊಳಗಿನ ಸರ್ವರ್‌ನಲ್ಲೇ ಇರಬೇಕು. ಹಾಗಾಗಿ ಡೇಟಾ ಬೆಳೆಯುತ್ತಲೇ ಹೋಗುತ್ತದೆ.

ಇದನ್ನೆಲ್ಲ ಹೊತ್ತುಕೊಂಡಿರುವುದು ಬಂದರಿನ ಆಫೀಸಿನ ಒಂದು ಡಿಸ್ಕ್ ಅರೇ, ಅಂದರೆ ಹಲವು ಡಿಸ್ಕ್‌ಗಳನ್ನು ಒಂದೇ ಜಾಗದಂತೆ ಬಳಸುವ ಪೆಟ್ಟಿಗೆ. ಮುಂಭಾಗದಲ್ಲಿ 12 ಡಿಸ್ಕ್ ಹಿಡಿಸುವ ಜಾಗ. ಒಳಗೆ ಡಿಸ್ಕ್‌ಗಳನ್ನು ನಡೆಸುವ ಎರಡು ಕಂಟ್ರೋಲರ್, ಎರಡು ಪವರ್ ಸಪ್ಲೈ. ಹಿಂದೆ ಇನ್ನೊಂದು ಡಿಸ್ಕ್ ಪೆಟ್ಟಿಗೆ ಜೋಡಿಸಲು ಎಸ್‌ಎಎಸ್ ಪೋರ್ಟ್. ಇದನ್ನು ಆರಿಸಿದ್ದು ನನಗಿಂತ ಮೊದಲು ಇಲ್ಲಿದ್ದ ಹಿರಿಯರು. ಈಗ ರಿಟೈರ್ ಆಗಿ ಸುರತ್ಕಲ್‌ನಲ್ಲಿದ್ದಾರೆ. ಅವರು ಮೊದಲ ದಿನ ಹಾಕಿದ್ದು 8 ಟೆರಾಬೈಟಿನ 6 ಡಿಸ್ಕ್, ಜೊತೆಗೆ ಸ್ಪೇರ್ ಆಗಿ ಒಂದು. ಉಳಿದ 5 ಜಾಗ ಖಾಲಿ. ಖಾಲಿ ಜಾಗಕ್ಕೆ ಯಾಕೆ ದುಡ್ಡು ಕೊಡಬೇಕು ಎಂದು ಆಗ ಆಫೀಸಿನಲ್ಲಿ ದೊಡ್ಡ ಚರ್ಚೆಯೇ ಆಗಿತ್ತಂತೆ. ಅವರು ಬಿಟ್ಟುಕೊಡಲಿಲ್ಲ. ಆ ಹಟ ಎಷ್ಟು ದೊಡ್ಡ ಉಪಕಾರ ಎಂದು ನನಗೆ ಸರಿಯಾಗಿ ಅರ್ಥವಾದದ್ದು ಕಳೆದ ನವರಾತ್ರಿಯಲ್ಲಿ.

ಜಾಗ ಮುಗಿಯುತ್ತಾ ಬಂದಿತ್ತು. 4 ಹೊಸ ಡಿಸ್ಕ್ ತರಿಸಿದ್ದೆವು. ಪೇಟೆಯಲ್ಲಿ ಅದೇ 8 ಟೆರಾಬೈಟಿನ ಅಗ್ಗದ ಡಿಸ್ಕ್ ಸಿಗುತ್ತದೆ. ಆದರೆ ಅವುಗಳಲ್ಲಿ ಕೆಲವು ಎಸ್‌ಎಂಆರ್ ತರದ್ದು. ಹೆಚ್ಚು ಡೇಟಾ ಹಿಡಿಸಲು ಅದರಲ್ಲಿ ಬರವಣಿಗೆಯ ಸಾಲುಗಳು ಒಂದರ ಅಂಚಿನ ಮೇಲೆ ಇನ್ನೊಂದು ಹತ್ತಿಕೊಂಡಿರುತ್ತವೆ. ಒಂದು ಸಾಲು ತಿದ್ದಬೇಕಾದರೆ ಅಕ್ಕಪಕ್ಕದ ಸಾಲುಗಳನ್ನೂ ಮತ್ತೆ ಬರೆಯಬೇಕು. ಮನೆಯಲ್ಲಿ ಸಿನಿಮಾ ತುಂಬಿಸಿಡಲು ಅದು ಸಾಕು. ಅರೇ ಒಳಗೆ ಗಂಟೆಗಟ್ಟಲೆ ಬರೆಯುವ ಕೆಲಸ ಬಂದಾಗ ಅದು ನಿಧಾನವಾಗುತ್ತದೆ, ಕಂಟ್ರೋಲರ್ ಕಾದು ಕಾದು ಡಿಸ್ಕ್ ಸತ್ತಿದೆ ಎಂದು ತೀರ್ಮಾನಿಸಿಬಿಡಬಹುದು. ಹಾಗಾಗಿ ಅರೇ ತಯಾರಕರ ಪಟ್ಟಿಯಲ್ಲಿರುವ, ಐದು ವರ್ಷ ವಾರಂಟಿಯ ಡಿಸ್ಕನ್ನೇ ತರಿಸಿದೆವು. ಆಯುಧ ಪೂಜೆ, ವಿಜಯದಶಮಿ ಎಂದು ಆಫೀಸಿಗೆ ರಜೆ. ಯಾರೂ ಫೈಲ್ ತೆರೆಯುವುದಿಲ್ಲ. ಕೆಲಸಕ್ಕೆ ಅದೇ ಒಳ್ಳೆಯ ಸಮಯ ಎಂದು ಲೆಕ್ಕ ಹಾಕಿದ್ದೆ.

ರಜೆಯ ಬೆಳಿಗ್ಗೆ ಸರ್ವರ್ ಕೋಣೆಗೆ ಹೋದರೆ ಮೂರನೇ ಡಿಸ್ಕ್‌ನ ಹಸಿರು ದೀಪ ಕಿತ್ತಳೆ ಆಗಿತ್ತು. ರಾತ್ರಿ ಅದು ಕೈಕೊಟ್ಟಿದೆ. ಸ್ಪೇರ್ ಡಿಸ್ಕ್ ತಾನಾಗಿಯೇ ಅದರ ಜಾಗಕ್ಕೆ ಬಂದು ರೀಬಿಲ್ಡ್, ಅಂದರೆ ಹೋದ ಡಿಸ್ಕಿನ ಡೇಟಾವನ್ನು ಉಳಿದವುಗಳಿಂದ ಮತ್ತೆ ಕಟ್ಟುವ ಕೆಲಸ, ಶುರುವಾಗಿದೆ. ಯಾರೂ ಮುಟ್ಟಿಲ್ಲ, ಒಂದು ಫೈಲೂ ಹೋಗಿಲ್ಲ.

ನನ್ನ ಜೊತೆ ಬಂದಿದ್ದ ಹೊಸ ಹುಡುಗನಿಗೆ ಅವಸರ. "ಸರ್, ಹೇಗೂ ಹೊಸ ಡಿಸ್ಕ್ ಕೈಯಲ್ಲಿ ಉಂಟಲ್ವಾ, ಎಲ್ಲ ಈಗಲೇ ಹಾಕುವ." ನಾನು ಬೇಡ ಎಂದೆ. ಅರೇ ದೊಡ್ಡದು ಮಾಡುವುದೆಂದರೆ ಖಾಲಿ ಜಾಗಕ್ಕೆ ಡಿಸ್ಕ್ ತುರುಕಿದ ಕೂಡಲೇ ಮುಗಿಯುವ ಕೆಲಸ ಅಲ್ಲ. 6 ಡಿಸ್ಕ್‌ಗಳಲ್ಲಿ ಹರಡಿದ್ದ ಪ್ರತಿಯೊಂದು ತುಂಡನ್ನೂ ಓದಿ, ಲೆಕ್ಕ ಹೊಸದಾಗಿ ಮಾಡಿ, ಹೆಚ್ಚು ಡಿಸ್ಕ್‌ಗಳಿಗೆ ಹರಡಿ ಬರೆಯಬೇಕು. ಹಳೆಯ ಡಿಸ್ಕ್‌ಗಳಿಗೆ ಅದಕ್ಕಿಂತ ಭಾರದ ಕೆಲಸ ಬೇರೆ ಇಲ್ಲ. ಗುಂಪಿನಲ್ಲಿ ಒಂದು ಕಡಿಮೆ ಇರುವಾಗ ಅದನ್ನು ಶುರು ಮಾಡುವುದು ಅಪಾಯ. ಅಂಥ ಸ್ಥಿತಿಯಲ್ಲಿ ಹೆಚ್ಚಿನ ಕಂಟ್ರೋಲರ್‌ಗಳು ಒಪ್ಪುವುದೂ ಇಲ್ಲ.

ಕಾಯುವ ಹೊತ್ತಿನಲ್ಲಿ ಅವನಿಗೆ ರೇಡ್, ಅಂದರೆ ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವಂತೆ ಹಲವು ಡಿಸ್ಕ್ ಒಟ್ಟು ಮಾಡುವ ವಿಧಾನ, ಹೇಗೆ ಕೆಲಸ ಮಾಡುತ್ತದೆ ಎಂದು ಬರೆದು ತೋರಿಸಿದೆ. ಮೂರು ಡಿಸ್ಕ್‌ನಲ್ಲಿ 1, 0, 1 ಇದೆ ಎಂದುಕೊಳ್ಳಿ. ಎಲ್ಲ ಸೇರಿ ಒಂದುಗಳ ಸಂಖ್ಯೆ ಸಮ ಆಗಬೇಕು ಎಂಬುದು ನಿಯಮ. ಈಗಾಗಲೇ ಎರಡು ಒಂದು ಇವೆ. ಹಾಗಾಗಿ ನಾಲ್ಕನೆಯದರಲ್ಲಿ 0 ಬರೆಯುತ್ತೇವೆ. ಈಗ ಮೂರನೇ ಡಿಸ್ಕ್ ಹೋಯಿತು. ಉಳಿದದ್ದು 1, 0, 0. ಸಮ ಆಗಬೇಕಾದರೆ ಕಳೆದುಹೋದದ್ದು 1 ಆಗಿರಲೇಬೇಕು. ಇಷ್ಟೇ ಲೆಕ್ಕ. ಇದನ್ನೇ ಯಂತ್ರ ಕೋಟಿ ಕೋಟಿ ಸಲ ಮಾಡುತ್ತದೆ. ನಮ್ಮದು ರೇಡ್ 6. ಅದರಲ್ಲಿ ಬೇರೆ ತರದ ಎರಡನೇ ಲೆಕ್ಕವೂ ಇರುತ್ತದೆ. ಎರಡು ಡಿಸ್ಕ್ ಒಟ್ಟಿಗೆ ಹೋದರೂ ಡೇಟಾ ಉಳಿಯುತ್ತದೆ. ಸಣ್ಣ, ಅಗ್ಗದ ಡಿಸ್ಕ್‌ಗಳನ್ನು ಹೀಗೆ ಒಟ್ಟು ಮಾಡಿ ದುಬಾರಿ ದೊಡ್ಡ ಡಿಸ್ಕ್‌ನ ಬದಲು ಬಳಸಬಹುದು ಎಂದು 1988ರಲ್ಲಿ ಲೇಖನ ಪ್ರಕಟಿಸಿದವರು ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ್‍ಯಾಂಡಿ ಕಾಟ್ಜ್. ಆ ಲೇಖನದಲ್ಲಿ ಐದೇ ಹಂತ ಇದ್ದವು, ಆರನೆಯದು ಆಮೇಲೆ ಬಂತು.

ಎರಡು ಡಿಸ್ಕ್‌ನಷ್ಟು ಜಾಗ ಬರೀ ಲೆಕ್ಕಕ್ಕೇ ಬಿಡುವುದು ಜಾಸ್ತಿ ಆಯಿತು ಎಂದು ಕಾಣಬಹುದು. 8 ಟೆರಾಬೈಟಿನ ಡಿಸ್ಕನ್ನು ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ ತುಂಬಿದರೂ 15 ಗಂಟೆ ಬೇಕು. ಅಷ್ಟು ಹೊತ್ತು ಉಳಿದ 5 ಡಿಸ್ಕ್ ಮೊದಲಿನಿಂದ ಕೊನೆಯವರೆಗೆ ಓದಿಸಿಕೊಳ್ಳಬೇಕು. ಅಂದರೆ 40 ಟೆರಾಬೈಟ್. ಸಾಮಾನ್ಯ ಡಿಸ್ಕ್‌ಗಳ ತಾಂತ್ರಿಕ ವಿವರದಲ್ಲಿ, ಓದಲಾಗದ ಒಂದು ತಪ್ಪು 12.5 ಟೆರಾಬೈಟ್ ಓದಿಗೆ ಒಂದರವರೆಗೆ ಇರಬಹುದು ಎಂಬರ್ಥದ ಅಂಕಿ ಇರುತ್ತದೆ. ದೊಡ್ಡ ಸರ್ವರ್‌ಗೆಂದು ಮಾಡಿದ ಡಿಸ್ಕ್‌ನಲ್ಲಿ ಅದು ಸಾಮಾನ್ಯವಾಗಿ 125 ಟೆರಾಬೈಟ್. ನಿಜವಾದ ಡಿಸ್ಕ್‌ಗಳು ಇದಕ್ಕಿಂತ ಚೆನ್ನಾಗಿಯೇ ನಡೆಯುತ್ತವೆ. ಆದರೂ ಒಂದೇ ಲೆಕ್ಕ ಇರುವ ರೇಡ್ 5 ಆಗಿದ್ದು, ರೀಬಿಲ್ಡ್ ನಡುವೆ ಒಂದೇ ಒಂದು ಕಡೆ ಓದಲು ಆಗದಿದ್ದರೆ ಆ ತುಂಡು ಹೋದ ಹಾಗೆಯೇ. ರೇಡ್ 6ರಲ್ಲಿ ಎರಡನೇ ಲೆಕ್ಕ ಕೈ ಹಿಡಿಯುತ್ತದೆ. ಹಿರಿಯರು ಎರಡು ಡಿಸ್ಕ್ ಬಿಟ್ಟುಕೊಟ್ಟದ್ದು ಇದಕ್ಕೆ.

ಮಧ್ಯಾಹ್ನ ಕೆಳಗೆ ರಸ್ತೆಯಲ್ಲಿ ಹುಲಿವೇಷದ ತಂಡ ಬಂತು. ತಾಸೆಯ ಸದ್ದಿಗೆ ಕಿಟಕಿ ಗಾಜು ನಡುಗುತ್ತಿತ್ತು. ನನಗೆ ತಟ್ಟನೆ ಬ್ರೆಂಡನ್ ಗ್ರೆಗ್ ನೆನಪಾದರು. ಸನ್ ಮೈಕ್ರೋಸಿಸ್ಟಮ್ಸ್‌ನ ಈ ಎಂಜಿನಿಯರ್ 2008ರಲ್ಲಿ ಡಿಸ್ಕ್‌ಗಳ ಎದುರು ನಿಂತು ಜೋರಾಗಿ ಕೂಗಿ, ಆ ಕಂಪನಕ್ಕೆ ಡಿಸ್ಕ್‌ಗಳು ತಡವರಿಸುವುದನ್ನು ಗ್ರಾಫ್‌ನಲ್ಲಿ ತೋರಿಸಿದ್ದರು. ನಾನೂ ಗ್ರಾಫ್ ತೆರೆದು ನೋಡಿದೆ. ಒಳಕೋಣೆಯ ಗೋಡೆ ದಪ್ಪ, ಏನೂ ಬದಲಾಗಲಿಲ್ಲ. ಆಮೇಲೆ ನೆಮ್ಮದಿಯಿಂದ ಹೊರಗೆ ಹೋಗಿ ಹುಲಿಗಳ ಕುಣಿತ ನೋಡಿದೆವು.

ಸಂಜೆಯ ಆತಂಕ ಬೇರೆ. ಅಕ್ಟೋಬರಿನಲ್ಲಿ ನಮ್ಮಲ್ಲಿ ಘಟ್ಟದ ಕಡೆಯಿಂದ ಮೋಡ ಏರಿ ಬಂದು ಗುಡುಗು ಸಿಡಿಲು ಶುರುವಾಗುತ್ತದೆ. ಕರೆಂಟ್ ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಯುಪಿಎಸ್‌ನ ಬ್ಯಾಟರಿ, ಜನರೇಟರ್‌ನ ಡೀಸೆಲ್, ಕಂಟ್ರೋಲರ್‌ನ ಕ್ಯಾಶ್ ಬ್ಯಾಟರಿ ಎಲ್ಲ ಮತ್ತೊಮ್ಮೆ ನೋಡಿದೆ. ಕ್ಯಾಶ್ ಬ್ಯಾಟರಿಯನ್ನು ಹೆಚ್ಚಿನವರು ಮರೆಯುತ್ತಾರೆ. ಡಿಸ್ಕ್‌ಗೆ ಇನ್ನೂ ಮುಟ್ಟದ ಡೇಟಾ ಕಂಟ್ರೋಲರ್‌ನ ಮೆಮೊರಿಯಲ್ಲಿರುತ್ತದೆ. ಕರೆಂಟ್ ಪೂರ್ತಿ ಹೋದಾಗ ಅದನ್ನು ಉಳಿಸುವುದು ಆ ಸಣ್ಣ ಬ್ಯಾಟರಿ.

ಆ ಸಮಯದಲ್ಲಿ ಬೈಕಂಪಾಡಿಯ ಬ್ಯಾಕಪ್ ಪರೀಕ್ಷೆಯನ್ನೂ ಮಾಡಿದೆವು. ಬಂದರಿನ ಆಫೀಸಿನ ಡೇಟಾದ ನಕಲು ಪ್ರತಿ ರಾತ್ರಿ ಕಾರ್ಖಾನೆಯ ಇನ್ನೊಂದು ಸ್ಟೋರೇಜ್‌ಗೆ ಹೋಗುತ್ತದೆ. ಮುಖ್ಯವಾದದ್ದು ವಾರಕ್ಕೊಮ್ಮೆ ಬಿಚ್ಚಿಡುವ ಡಿಸ್ಕ್‌ಗೂ ಹೋಗುತ್ತದೆ. ಹಳೆಯ ಲಾಟ್ ಒಂದರ ಫೋಲ್ಡರನ್ನು ಅಲ್ಲಿಂದ ವಾಪಸ್ ತಂದು, ಒಳಗಿನ ಕಟಿಂಗ್ ಟೆಸ್ಟ್ ಫೋಟೋಗಳನ್ನು ತೆರೆದೇ ನೋಡಿದೆವು. ಬ್ಯಾಕಪ್ "ಯಶಸ್ವಿ" ಎಂದು ಪರದೆಯಲ್ಲಿ ಬಂದರೆ ನನಗೆ ಸಾಲದು. ರೇಡ್ ಎಷ್ಟೇ ಗಟ್ಟಿ ಇದ್ದರೂ ಯಾರೋ ಫೋಲ್ಡರ್ ಅಳಿಸಿದರೆ ಅದು ಎಲ್ಲ ಡಿಸ್ಕ್‌ಗಳಿಂದಲೂ ಅಷ್ಟೇ ಶ್ರದ್ಧೆಯಿಂದ ಅಳಿಸುತ್ತದೆ. ರ್‍ಯಾನ್‌ಸಮ್‌ವೇರ್ ಎಂಬ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಬಂದರೂ ಅದೇ ಕಥೆ.

ಮರುದಿನ ರೀಬಿಲ್ಡ್ ಮುಗಿಯಿತು. ಕೆಟ್ಟ ಡಿಸ್ಕ್ ಎಳೆದು ತೆಗೆದೆವು. ಯಂತ್ರ ಆಫ್ ಮಾಡುವುದೇನೂ ಬೇಡ. ಹೊಸ 4ರಲ್ಲಿ ಒಂದನ್ನು ಮೊದಲು ಸ್ಪೇರ್ ಎಂದು ಗುರುತಿಸಿದೆ. ಉಳಿದ 3ನ್ನು ಗುಂಪಿಗೆ ಸೇರಿಸಿದೆ. ಲೆಕ್ಕಕ್ಕೆ ಬಿಟ್ಟ ಎರಡು ಡಿಸ್ಕ್ ಕಳೆದು, ಬಳಸಲು ಸಿಗುವ ಜಾಗ 32 ಟೆರಾಬೈಟ್‌ನಿಂದ 56ಕ್ಕೆ ಏರುತ್ತದೆ. ಪೂಜೆಯ ಹೂವು ನೋಡಲು ಬಂದಿದ್ದ ಧಣಿಗಳು ಲೆಕ್ಕದಲ್ಲಿ ಗಟ್ಟಿಗರು. "ನಾಲ್ಕು ತಂದದ್ದಲ್ವಾ? 64 ಆಗಬೇಕಿತ್ತು. 56 ಯಾಕೆ?" ಎಂದು ಕೇಳಿದರು. ಸ್ಪೇರ್ ವಿಷಯ ಹೇಳಿದೆ. ಡಿಸ್ಕ್ ಕೈಕೊಟ್ಟ ರಾತ್ರಿ ಅದು ಇಲ್ಲದೇ ಇದ್ದಿದ್ದರೆ, ನಾವು ಬಂದು ನೋಡುವವರೆಗೆ ಗುಂಪು ಒಂದು ಡಿಸ್ಕ್ ಕಡಿಮೆಯಲ್ಲೇ ಓಡುತ್ತಿತ್ತು ಎಂದೆ. ಅವರು ಸ್ವಲ್ಪ ಯೋಚಿಸಿ, "ಸ್ಟೆಪ್ನಿ ಇಲ್ಲದೆ ಲಾರಿ ಶಿರಾಡಿ ಘಾಟಿ ಹತ್ತಿಸುವುದಿಲ್ಲ ನಾವು. ಇಟ್ಟುಕೊಳ್ಳಿ" ಎಂದರು. ಕೆಟ್ಟ ಡಿಸ್ಕ್ ವಾರಂಟಿಯಲ್ಲಿ ಬದಲಾಗಿ ಬಂದ ಮೇಲೆ ಕಪಾಟಿನಲ್ಲಿಡಲು ಇನ್ನೊಂದು ಆಯಿತು.

ಅರೇ ಹೊಸದಾಗಿ ಹರಡಿಕೊಳ್ಳುವ ಕೆಲಸ ರಜೆ ಮುಗಿದರೂ ನಡೆಯುತ್ತಿತ್ತು. ಬೇಗ ಮುಗಿಯಲಿ ಎಂದು ವೇಗ ಏರಿಸಲಿಲ್ಲ. ಹಗಲು ಬಿಲ್ಲಿಂಗ್‌ಗೆ ತೊಂದರೆ ಆಗಬಾರದು ಎಂದು ಆದ್ಯತೆ ಕಡಿಮೆ ಇಟ್ಟೆ, ರಾತ್ರಿ ಹೆಚ್ಚಿಸಿದೆ.

ಕೊನೆಯ ಹಂತವೇ ನನಗೆ ಹೆಚ್ಚು ಭಯ ಇದ್ದದ್ದು. ಡಿಸ್ಕ್ ಗುಂಪು ದೊಡ್ಡದಾದರೆ ಸಾಲದು. ಅದರಿಂದ ಸರ್ವರ್‌ಗೆ ಬಿಟ್ಟುಕೊಟ್ಟ ಜಾಗ, ಅಂದರೆ ವಾಲ್ಯೂಮ್, ದೊಡ್ಡದಾಗಬೇಕು, ಆಮೇಲೆ ವಿಂಡೋಸ್ ಸರ್ವರ್‌ನ ಡ್ರೈವ್ ದೊಡ್ಡದಾಗಬೇಕು. ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲ್ ಇಡುವ ಕ್ರಮ) ಡ್ರೈವ್ ಫಾರ್ಮ್ಯಾಟ್ ಮಾಡುವಾಗ ಒಂದು ತುಂಡಿನ ಅಳತೆ ಎಷ್ಟು ಎಂದು ಆರಿಸುತ್ತೇವೆ. ಆ ಅಳತೆಯೇ ಡ್ರೈವ್ ಎಷ್ಟು ಬೆಳೆಯಬಹುದು ಎಂಬುದನ್ನೂ ನಿರ್ಧರಿಸಿಬಿಡುತ್ತದೆ. 4 ಕೆಬಿ ಆದರೆ 16 ಟೆರಾಬೈಟ್‌ಗೆ ಮುಗಿಯಿತು. 8 ಕೆಬಿ ಆದರೆ 32. ನಮ್ಮ ಹಳೆಯ 32 ಟೆರಾಬೈಟ್ ಜಾಗ ವಿಂಡೋಸ್‌ನ 1024ರ ಎಣಿಕೆಯಲ್ಲಿ 29.1 ಎಂದು ಕಾಣುತ್ತಿತ್ತು. ಅಷ್ಟು ಗಾತ್ರಕ್ಕೆ ವಿಂಡೋಸ್ ತಾನಾಗಿ ಆರಿಸುವುದು 8 ಕೆಬಿ. ಅದನ್ನೇ ಒಪ್ಪಿಕೊಂಡಿದ್ದರೆ ಡ್ರೈವ್ 32 ದಾಟುತ್ತಿರಲಿಲ್ಲ. ಎಲ್ಲ ಡೇಟಾ ಹೊರಗೆ ತೆಗೆದು, ಫಾರ್ಮ್ಯಾಟ್ ಮಾಡಿ, ವಾಪಸ್ ತುಂಬಿಸಬೇಕಿತ್ತು.

ಹಿರಿಯರು ಬಿಟ್ಟುಹೋದ ನೋಟ್‌ಬುಕ್ಕಿನಲ್ಲಿ ಪ್ರತಿ ಡಿಸ್ಕ್‌ನ ಸೀರಿಯಲ್ ನಂಬರ್, ಹಾಕಿದ ತಾರೀಕು, ಕೇಬಲ್ ಎಲ್ಲಿಂದ ಎಲ್ಲಿಗೆ ಎಂಬುದೆಲ್ಲ ಇದೆ. ಡ್ರೈವ್‌ನ ಪುಟದಲ್ಲಿ ನೀಲಿ ಪೆನ್ನಿನಲ್ಲಿ ಬರೆದಿದ್ದರು: "64 ಕೆಬಿ. ಮುಂದೆ ದೊಡ್ಡದು ಮಾಡಲಿಕ್ಕೆ ಉಂಟು." 64 ಕೆಬಿ ಆದರೆ 256 ಟೆರಾಬೈಟ್‌ವರೆಗೆ ಹೋಗಬಹುದು. ನಾನು ಸರ್ವರ್‌ನಲ್ಲೂ ಪರೀಕ್ಷಿಸಿದೆ, ಸರಿಯಾಗಿಯೇ ಇತ್ತು. ಎಕ್ಸ್‌ಟೆಂಡ್ ಒತ್ತಿದ ಕೂಡಲೇ 29.1 ಇದ್ದದ್ದು 50.9 ಆಯಿತು, ಅಂದರೆ ನಮ್ಮ ಲೆಕ್ಕದ 56. ಆ ಕ್ಷಣ ನಿಜಕ್ಕೂ ಕಣ್ಣು ತುಂಬಿ ಬಂತು. ಆಗಲೇ ಅವರಿಗೆ ಫೋನ್ ಮಾಡಿದೆ. "ಆಗ ಐದು ನಿಮಿಷ ಜಾಸ್ತಿ ಯೋಚನೆ ಮಾಡಿದ್ದು ಅಷ್ಟೇ" ಎಂದರು. ನಾನು ಒಪ್ಪುವುದಿಲ್ಲ. ಖಾಲಿ ಜಾಗಕ್ಕಾಗಿ ಜಗಳ ಆಡಿದ್ದು, ಎರಡು ಡಿಸ್ಕ್ ಲೆಕ್ಕಕ್ಕೆ ಬಿಟ್ಟದ್ದು, ಸ್ಪೇರ್ ಇಟ್ಟದ್ದು, 64 ಆರಿಸಿದ್ದು ಎಲ್ಲ ಸೇರಿಯೇ ಇದು ಬೆಳೆಯುವ ಪೆಟ್ಟಿಗೆ ಆದದ್ದು.

ಈಗ ಗುಂಪಿನಲ್ಲಿ, ಹಿಂದಿನ ಸ್ಪೇರ್ ಸೇರಿ, 6 ಡಿಸ್ಕ್ ಮೊದಲ ದಿನದವು. ಒಂದೇ ವಯಸ್ಸು, ಒಂದೇ ಬ್ಯಾಚ್. ಒಂದು ಹೋಗಿದೆ ಎಂದರೆ ಉಳಿದವುಗಳ ಮೇಲೂ ಕಣ್ಣಿಡಬೇಕು. ಪೂರ್ತಿ ಓದಿ ಪರೀಕ್ಷಿಸುವ ಸ್ಕ್ರಬ್ ಕೆಲಸವನ್ನು ಪ್ರತಿ ತಿಂಗಳು ಓಡಿಸುತ್ತಿದ್ದೇನೆ. ಅವುಗಳಲ್ಲಿ ಎರಡನ್ನು, ಕೆಡುವ ಮೊದಲೇ, ಒಂದಾದ ಮೇಲೆ ಒಂದರಂತೆ ಬದಲಿಸಲು ಏಪ್ರಿಲ್‌ನ ಬಜೆಟ್‌ನಲ್ಲಿ ಹಣ ಕೇಳಿದ್ದೇನೆ. ಕಾರ್ಖಾನೆಯ ಸಿಸಿ ಕ್ಯಾಮರಾ ವಿಡಿಯೋವನ್ನೂ ಇದರಲ್ಲೇ ಇಡಬಹುದಾ ಎಂದು ಧಣಿಗಳು ಕೇಳಿದ್ದರು. ಅದಕ್ಕೆ ಬೇರೆ ರೆಕಾರ್ಡರ್ ಸಾಕು ಎಂದು ಬರೆದು ಕೊಟ್ಟಿದ್ದೇನೆ. ಎರಡಕ್ಕೂ ಅವರು ಹೂಂ ಎಂದಿದ್ದಾರೆ.