300 ಎಂಬ ಸಂಖ್ಯೆಯನ್ನು ನಂಬಿ ಹಾಳುಮಾಡಿದ ಒಂದು ದೊಡ್ಡ ಪ್ರಿಂಟ್

ಫೋಟೋಗಳನ್ನು ದೊಡ್ಡ ಅಳತೆಯಲ್ಲಿ ಮುದ್ರಿಸುವ ಲ್ಯಾಬ್ ಒಂದರಲ್ಲಿ ಫೈಲ್‌ಗಳನ್ನು ಸಿದ್ಧಪಡಿಸುವುದು ನನ್ನ ಕೆಲಸ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಗ್ರಾಹಕರೊಬ್ಬರು ತೀರಿಕೊಂಡ ತಮ್ಮ ತಾಯಿಯ ಭಾವಚಿತ್ರವನ್ನು 36×24 ಇಂಚಿಗೆ ಮಾಡಿಕೊಡಲು ಕೇಳಿದ್ದರು. ಮೊಬೈಲಿನ ಮೆಸೇಜ್ ಆ್ಯಪ್‌ ಮೂಲಕ ಬಂದಿದ್ದ ಆ ಫೈಲ್‌ನಲ್ಲಿ ಇದ್ದದ್ದು 1600×1067 ಪಿಕ್ಸೆಲ್ ಮಾತ್ರ. ಫೋಟೋಶಾಪ್‌ನ ಇಮೇಜ್ ಸೈಜ್‌ನಲ್ಲಿ ಅಗಲ 36 ಇಂಚು, ರೆಸಲ್ಯೂಷನ್ (ಒಂದು ಇಂಚಿನಲ್ಲಿರುವ ಪಿಕ್ಸೆಲ್‌ಗಳ ಸಂಖ್ಯೆ) 300 ಎಂದು ತುಂಬಿ, ಬೇಕಾದ ಗುಣಮಟ್ಟ ಬಂದೇಬಿಟ್ಟಿತೆಂಬ ನಿಶ್ಚಿಂತೆಯಿಂದ ಅದನ್ನು ಮುದ್ರಣಕ್ಕೆ ಕಳಿಸಿದೆ. ಹೊರಬಂದ ಪ್ರಿಂಟ್‌ನಲ್ಲಿ ಮುಖ ಮೇಣದಲ್ಲಿ ಮಾಡಿಟ್ಟಂತೆ ಕಾಣುತ್ತಿತ್ತು. ರೆಪ್ಪೆಗೂದಲುಗಳು ಒಂದಕ್ಕೊಂದು ಅಂಟಿಕೊಂಡು ಕಪ್ಪು ಪಟ್ಟಿಯಾಗಿದ್ದವು, ಕನ್ನಡಕದ ಚೌಕಟ್ಟಿನ ಸುತ್ತ ಜೆಪೆಗ್‌ನ (ಫೋಟೋ ಫೈಲನ್ನು ಕುಗ್ಗಿಸುವ ವಿಧಾನದ) ಚೌಕಾಕಾರದ ಕಲೆಗಳು ಎದ್ದು ಕಾಣುತ್ತಿದ್ದವು.

ಆಗಿದ್ದೇನೆಂದರೆ, 36×24 ಇಂಚಿಗೆ 300ರ ಲೆಕ್ಕದಲ್ಲಿ 10800×7200 ಪಿಕ್ಸೆಲ್ ಬೇಕಾಗುತ್ತದೆ. ಅಂದರೆ ಕಾಗದದ ಮೇಲೆ ಬಿದ್ದ ಪ್ರತಿ 45 ಪಿಕ್ಸೆಲ್‌ಗಳಲ್ಲಿ ಹೆಚ್ಚುಕಡಿಮೆ ಒಂದರಷ್ಟು ಮಾಹಿತಿ ಮಾತ್ರ ಮೂಲ ಫೈಲ್‌ನದು, ಉಳಿದದ್ದೆಲ್ಲ ಅಕ್ಕಪಕ್ಕದ ಬಣ್ಣಗಳನ್ನು ನೋಡಿ ಸಾಫ್ಟ್‌ವೇರ್ ಊಹಿಸಿ ತುಂಬಿದ್ದು. ರೀಸ್ಯಾಂಪಲ್ (ಸಾಫ್ಟ್‌ವೇರ್ ಪಿಕ್ಸೆಲ್‌ಗಳ ಸಂಖ್ಯೆಯನ್ನೇ ಬದಲಿಸುವ ಆಯ್ಕೆ) ಗುರುತನ್ನು ತೆಗೆದು 36 ಇಂಚು ಎಂದು ಹಾಕಿದ್ದರೆ ಆ ಫೈಲ್‌ನ ನಿಜವಾದ ಶಕ್ತಿ ಇಂಚಿಗೆ 44 ಪಿಕ್ಸೆಲ್ ಎಂಬುದು ಆಗಲೇ ಕಣ್ಣಿಗೆ ಬೀಳುತ್ತಿತ್ತು. ಇಂದಿಗೂ ಪ್ರತಿಯೊಂದು ಫೈಲ್‌ಗೂ ನಾನು ಮೊದಲು ಮಾಡುವ ಪರೀಕ್ಷೆ ಇದೇ.

ಹಾಗೆಂದು 300 ಇಲ್ಲದ ಫೈಲನ್ನೆಲ್ಲ ತಿರಸ್ಕರಿಸುವುದೂ ಸರಿಯಲ್ಲ. ಒಂದು ಅಡಿ ದೂರದಲ್ಲಿ ಹಿಡಿದು ನೋಡುವ ಚಿತ್ರಕ್ಕೆ ಸುಮಾರು 300 ಬೇಕಾದರೆ, ಎರಡು ಅಡಿ ದೂರಕ್ಕೆ ಅದರ ಅರ್ಧ ಸಾಕು, ಏಕೆಂದರೆ ದೂರ ಹೆಚ್ಚಿದಷ್ಟೂ ಸಣ್ಣ ವಿವರಗಳನ್ನು ಬಿಡಿಸಿ ನೋಡುವ ಕಣ್ಣಿನ ಸಾಮರ್ಥ್ಯ ಕಡಿಮೆಯಾಗುತ್ತದೆ. ಆ ಗ್ರಾಹಕರಿಗೆ ತಪ್ಪನ್ನು ಒಪ್ಪಿಕೊಂಡು, ಕ್ಯಾಮೆರಾದ ಕಾರ್ಡಿನಲ್ಲಿರುವ ಮೂಲ ಫೈಲನ್ನೇ ತಂದುಕೊಡುವಂತೆ ವಿನಂತಿಸಿದೆ. ಅದು 6000×4000 ಪಿಕ್ಸೆಲ್ ಇತ್ತು. ಅದೇ ಅಳತೆಗೆ ಇಂಚಿಗೆ ಸುಮಾರು 167 ಪಿಕ್ಸೆಲ್ ಬಂತು. ಗೋಡೆಯ ಮೇಲಿನ ಭಾವಚಿತ್ರಕ್ಕೆ ಅದು ಧಾರಾಳವಾಗಿ ಸಾಕಾಯಿತು.

ಎರಡನೆಯ ಸಲ ನೇರವಾಗಿ ಪೂರ್ತಿ ಪ್ರಿಂಟ್ ಹಾಕುವ ಧೈರ್ಯ ನನಗಿರಲಿಲ್ಲ. 36 ಇಂಚಿನ ಅಳತೆಯಲ್ಲೇ ಕಣ್ಣು ಮತ್ತು ಕೂದಲಿನ ಭಾಗವನ್ನಷ್ಟೇ ಕತ್ತರಿಸಿಕೊಂಡು, ಅಂತಿಮ ಪ್ರಿಂಟ್‌ಗೆ ಬಳಸುವ ಹೊಳಪಿಲ್ಲದ ಮ್ಯಾಟ್ ಕಾಗದದ ಮೇಲೆಯೇ ಪರೀಕ್ಷೆಗೆಂದು ಒಂದು ಪಟ್ಟಿ ಮುದ್ರಿಸಿ ತೆಗೆದೆ. ಪರದೆಯ ಮೇಲೆ ಹದವಾಗಿದ್ದ ನೆರಳು ಕಾಗದದಲ್ಲಿ ಕಪ್ಪಿಟ್ಟಿತ್ತು. ಮಾನಿಟರ್‌ನ ಬೆಳಕನ್ನು ಅತಿ ಹೆಚ್ಚು ಇಟ್ಟುಕೊಂಡಿದ್ದೇ ಅದಕ್ಕೆ ಕಾರಣ. ಅದನ್ನು ಚದರ ಮೀಟರಿಗೆ 100 ಕ್ಯಾಂಡೆಲಾ (ಬೆಳಕಿನ ತೀವ್ರತೆಯ ಮಾನ) ಆಸುಪಾಸಿಗೆ ಇಳಿಸಿ ನೆರಳನ್ನು ಮತ್ತೆ ತಿದ್ದಿದೆ. ಮ್ಯಾಟ್ ಕಾಗದದಲ್ಲಿ ಶಾಯಿ ಸ್ವಲ್ಪ ಹರಡುವುದರಿಂದ ಶಾರ್ಪನಿಂಗ್ (ಅಂಚುಗಳನ್ನು ಚೂಪಾಗಿ ಕಾಣಿಸುವ ತಿದ್ದುಪಡಿ) ಕೂಡ ಪರದೆಯಲ್ಲಿ ತುಸು ಅತಿಯೆನಿಸುವಷ್ಟು ಬೇಕಾಯಿತು. ಅಳತೆಯನ್ನು ನಿಗದಿಪಡಿಸಿದ ನಂತರವೇ, ಕೊನೆಯ ಹಂತದಲ್ಲಿ, ಅದನ್ನು ಮಾಡಬೇಕು.

ಮೂರನೆಯ ಪಟ್ಟಿಯಲ್ಲಿ ರೆಪ್ಪೆಗೂದಲುಗಳು ಬಿಡಿಬಿಡಿಯಾಗಿ ಕಂಡವು. ಕನ್ನಡಕದ ಗಾಜಿನಲ್ಲಿ ಪ್ರತಿಫಲಿಸಿದ ಕಿಟಕಿಯ ಸರಳುಗಳು ಕೂಡ ಎಣಿಸುವಷ್ಟು ಸ್ಪಷ್ಟವಾಗಿದ್ದವು. ಆ ಪಟ್ಟಿಯನ್ನು ಗ್ರಾಹಕರ ಕೈಗಿತ್ತು, ಅವರು ಒಪ್ಪಿದ ಮೇಲೆ ಪೂರ್ತಿ ಚಿತ್ರವನ್ನು ಮುದ್ರಣಕ್ಕೆ ಹಾಕಿದೆ.