ದುಬೈಯಲ್ಲಿ ಸಿಕ್ಕಿದ ಉಪ್ಪಳ

ಕಾಸರಗೋಡಿನ ಬದಿಯಡ್ಕದಿಂದ ದುಬೈಗೆ ಹೊರಟರೆ ಯಾರೂ ಹುಬ್ಬೇರಿಸುವುದಿಲ್ಲ. ಗಲ್ಫಿಗೆ ಹೋದವರಿಲ್ಲದ ಊರು ನಮ್ಮ ಕಡೆ ಎಲ್ಲುಂಟು? ಆದರೆ ಕೆಲಸಕ್ಕಲ್ಲ, ವಿಡಿಯೋ ಮಾಡುವವರ ಸಮ್ಮೇಳನಕ್ಕೆ ಅಂದಾಗ ಅಪ್ಪ ಅಡಿಕೆ ಸುಲಿಯುವುದನ್ನು ನಿಲ್ಲಿಸಿದರು.

"ಅಲ್ಲಿ ಹೋಗಿ ಎಂತ ಮಾಡುವುದು?"

"ಭಾಷಣ ಕೇಳುವುದು."

"ಅದಕ್ಕೆ ವಿಮಾನ ಹತ್ತಬೇಕಾ?"

ಸಮ್ಮೇಳನದ ಹೆಸರು ಒನ್ ಬಿಲಿಯನ್ ಫಾಲೋವರ್ಸ್ ಸಮ್ಮಿಟ್. 2025ರ ಜನವರಿ 11ರಿಂದ 13ರವರೆಗೆ ಎಮಿರೇಟ್ಸ್ ಟವರ್ಸ್ ಮತ್ತು ಅದರ ಸುತ್ತಮುತ್ತ ನಡೆಯಿತು. ಪಕ್ಕದಲ್ಲೇ ಮ್ಯೂಸಿಯಂ ಆಫ್ ದಿ ಫ್ಯೂಚರ್. ಉಂಗುರದಂತಿರುವ ಆ ಕಟ್ಟಡದ ಮೈಮೇಲೆಲ್ಲ ಅರಬ್ಬಿ ಬರಹ, ಆ ಅಕ್ಷರಗಳೇ ಕಿಟಕಿಗಳು. ದುಬೈಯಲ್ಲಿ ಎತ್ತರದ ಕಟ್ಟಡಗಳಿಗೆ ಬರವಿಲ್ಲ. ನನಗೆ ಮಾತ್ರ ಬೇರೆ ಯಾವುದೂ ಇಷ್ಟು ಹಿಡಿಸಲಿಲ್ಲ.

ನಾನು ಕೇಳಿದ ಭಾಷಣಗಳ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಮೊದಲ ಮೂರು ಸೆಕೆಂಡಿನಲ್ಲಿ ನೋಡುಗರನ್ನು ಹಿಡಿಯಬೇಕು, ಮಾತಿನ ನಡುವೆ ಉಸಿರೆಳೆದ ಜಾಗವನ್ನೂ ಕತ್ತರಿಸಬೇಕು, ಇಂಥವೇ. ಕಾಫಿಯ ಸಾಲಿನಲ್ಲಿ ನಿಂತವರ ಮಾತು ಅದಕ್ಕಿಂತ ಚೆನ್ನಾಗಿತ್ತು. ಅಲ್ಲಿ ಎಲ್ಲರದ್ದೂ ದುಡ್ಡಿನ ಸಂಕಟ. ಉದ್ದ ವಿಡಿಯೋದ ಜಾಹೀರಾತಿನ ಹಣದಲ್ಲಿ ಮಾಡಿದವರಿಗೆ ಶೇಕಡಾ 55, ಯೂಟ್ಯೂಬಿಗೆ 45. ಪಾಲು ಎಲ್ಲರಿಗೂ ಒಂದೇ. ಆದರೆ ಜಾಹೀರಾತಿನ ಬೆಲೆ ಒಂದೇ ಅಲ್ಲ. ಅಮೆರಿಕದಲ್ಲಿ ಕೂತು ನೋಡುವವರಿಗೆ ಒಂದು ದರ, ಕುಂಬಳೆಯಲ್ಲಿ ಕೂತು ನೋಡುವವರಿಗೆ ಇನ್ನೊಂದು. ಕನ್ನಡದಲ್ಲಿ ವಿಡಿಯೋ ಮಾಡುವ ನನ್ನಂಥವನಿಗೆ ಯಾವ ದರ ಅಂತ ಬೇರೆ ಹೇಳಬೇಕಾ?

ಈಗ ಪ್ಲಗ್ಗಿನ ವಿಷಯ. ಅಲ್ಲಿನ ಗೋಡೆಯ ಸಾಕೆಟ್ಟಿಗೆ ಚಪ್ಪಟೆ ಮೂರು ಪಿನ್ ಬೇಕು, ನಮ್ಮ ಉರುಟು ಪಿನ್ ಹೋಗುವುದಿಲ್ಲ. ಉಳಿದುಕೊಂಡಿದ್ದ ಹೋಟೆಲಿನ ಕೌಂಟರಿನಲ್ಲಿ ಅಡಾಪ್ಟರಿಗೆ ಹೇಳಿದ ಬೆಲೆಗೆ ಊರಿನಲ್ಲಿ ಒಂದು ಮಿಕ್ಸಿ ಬರುತ್ತಿತ್ತು. ಅದೇ ಅಡಾಪ್ಟರ್ ದೇರಾದ ನೈಫ್ ಬೀದಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಇನ್ನೊಂದು, ವಾಟ್ಸಾಪಿನಲ್ಲಿ ಮನೆಗೆ ಕಾಲ್ ಮಾಡುವ ಆಸೆ ಬಿಡಿ, ಆ ದೇಶದಲ್ಲಿ ಅದು ಬಂದ್. ಬರೆದು ಕಳಿಸಬಹುದು, ವಾಯ್ಸ್ ಮೆಸೇಜ್ ಹೋಗುತ್ತದೆ, ಕಾಲ್ ಮಾತ್ರ ಇಲ್ಲ. "ದಿನಾ ವಿಡಿಯೋ ಕಾಲ್ ಮಾಡಿ, ಏನೂ ತೊಂದರೆ ಇಲ್ಲ" ಅಂತ ನನಗೆ ಹೇಳಿದ್ದು ಟಿಕೆಟ್ ಮಾಡಿಸಿಕೊಟ್ಟವನೇ. ಇವತ್ತಿಗೂ ಅವನ ಮೇಲೆ ಸಿಟ್ಟಿದೆ.

ಅಡಾಪ್ಟರ್ ಹುಡುಕುತ್ತ ನೈಫಿಗೆ ಹೋದೆ. ಮೆಟ್ರೋದಲ್ಲಿ ಯೂನಿಯನ್ ಸ್ಟೇಷನ್ನಿಗೆ ಇಳಿದು ನಡೆದರೆ ಸಾಕು. ಅಂಗಡಿ ಮುಂದೆ ಫೋನು ಹಿಡಿದು, ಕ್ಯಾಮೆರಾಕ್ಕೆ ಮುಖ ಮಾಡಿ ಕನ್ನಡದಲ್ಲಿ ಏನೋ ಹೇಳುತ್ತಿದ್ದೆ. ಪಕ್ಕದ ಕೆಫೆಟೀರಿಯಾದಿಂದ ಒಂದು ದನಿ ಬಂತು.

"ಊರು ಎಲ್ಲಿ ಆಯ್ತು?"

"ಬದಿಯಡ್ಕ."

"ಹಾಗಾದರೆ ಒಳಗೆ ಬನ್ನಿ ಮಾರಾಯ್ರೆ. ಬಿಸಿಲಿಗೆ ಎಂತ ಭಾಷಣ?"

ಅವರೂ ಕಾಸರಗೋಡಿನ ಕಡೆಯವರೇ, ಉಪ್ಪಳದವರು. ವಯಸ್ಸು ಅರವತ್ತರ ಆಚೆ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಗಿರಾಕಿಗಳ ಹತ್ತಿರ ಮಲಯಾಳ, ಹಿಂದಿ, ಅರಬ್ಬಿ. ಕಡಕ್ ಚಹಾ ಕೊಟ್ಟರು, ಜೊತೆಗೆ ಪರೋಟದೊಳಗೆ ಚಿಪ್ಸ್ ಪುಡಿ ಮಾಡಿ ಸುತ್ತಿದ ಒಂದು ತಿಂಡಿ. ಕೇಳಲಿಕ್ಕೆ ವಿಚಿತ್ರ, ತಿಂದರೆ ಬಿಡಲಿಕ್ಕಾಗದು. ಸಮ್ಮೇಳನದ ಬಫೆಗಿಂತ ನೂರು ಪಾಲು ವಾಸಿ.

ನನ್ನ ಚಾನೆಲ್ ಅವರಿಗೆ ಗೊತ್ತಿತ್ತು. ಹೊಗಳುತ್ತಾರೆ ಅಂತ ಕಾದೆ.

"ಬೇಕಲ ಕೋಟೆ ಮೇಲಿಂದ ತೋರಿಸುತ್ತೀರಿ. ಅನಂತಪುರದ ಕೆರೆ ಮೇಲಿಂದ ತೋರಿಸುತ್ತೀರಿ. ಪೊಸಡಿಗುಂಪೆ ಗುಡ್ಡವೂ ಮೇಲಿಂದಲೇ. ನಾವು ಎಂತ ಹಕ್ಕಿಯಾ?"

"ಡ್ರೋನ್ ಅಲ್ವಾ ಇಚ್ಚ, ಜನ ಅದನ್ನೇ ನೋಡುತ್ತಾರೆ" ಅಂದೆ. ಇಚ್ಚ ಅಂದರೆ ಅಣ್ಣ.

"ಜನ ನೋಡಲಿ. ನನಗೆ ರಸ್ತೆ ಬೇಕು."

ಯಾವ ರಸ್ತೆ ಅಂತ ಕೇಳಿದೆ. ಅವರು ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆದರು. ಹೊಸಂಗಡಿ, ಉಪ್ಪಳ, ಬಂದ್ಯೋಡು, ಕುಂಬಳೆ. ಉಪ್ಪಳದಲ್ಲಿ ಬೆರಳು ನಿಂತಿತು. ಅಲ್ಲಿ ಅವರ ಅಪ್ಪನ ಸೋಡಾ ಅಂಗಡಿ ಇತ್ತಂತೆ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ 66 ಆರು ಪಥವಾಗುವಾಗ ಆ ಸಾಲೇ ಹೋಯಿತು. ಆಮೇಲೆ ರಜೆಗೆ ಊರಿಗೆ ಹೋದಾಗ ಕಾರಿನಲ್ಲಿ ಉಪ್ಪಳ ದಾಟಿದ್ದು ಅವರಿಗೆ ತಿಳಿಯಲೇ ಇಲ್ಲ. "ಡ್ರೈವರನಿಗೆ ಉಪ್ಪಳ ಎಷ್ಟು ದೂರ ಅಂತ ಕೇಳಿದೆ. ಹಿಂದೆ ಹೋಯ್ತು ಅಂದ. ನಾನು ಹುಟ್ಟಿದ ಊರು!"

"ಹಳೆ ರಸ್ತೆಯ ವಿಡಿಯೋ ಯಾರ ಹತ್ತಿರವಾದರೂ ಉಂಟಾ?"

ನನ್ನ ಹತ್ತಿರ ಇತ್ತು. ಹೆದ್ದಾರಿ ಕೆಲಸ ಶುರುವಾಗುವ ಮೊದಲು, ಹೊಸ ಫೋನು ಪರೀಕ್ಷೆ ಮಾಡಲಿಕ್ಕೆ ಸ್ಕೂಟರಿನ ಹ್ಯಾಂಡಲಿಗೆ ಕಟ್ಟಿ ಹೊಸಂಗಡಿಯಿಂದ ಕುಂಬಳೆವರೆಗೆ ಸುಮ್ನೆ ತೆಗೆದದ್ದು. ಮಾತಿಲ್ಲ, ಸಂಗೀತ ಇಲ್ಲ. ಯಾರು ನೋಡುತ್ತಾರೆ ಅಂತ ಹಾಗೇ ಇಟ್ಟಿದ್ದೆ.

"ಕತ್ತರಿಸಬೇಡಿ," ಅಂದರು ಅವರು. "ಹಾರನ್ ಶಬ್ದವೂ ಇರಲಿ. ಅಂಗಡಿ ಬೋರ್ಡು ಓದಲಿಕ್ಕೆ ನಾನು ನಿಲ್ಲಿಸಿ ನಿಲ್ಲಿಸಿ ನೋಡುತ್ತೇನೆ. ಮೂರು ರಾತ್ರಿಗೆ ಸಾಕು."

ಉಸಿರಿನ ಜಾಗವನ್ನೂ ಕತ್ತರಿಸಿ ಎಂದದ್ದನ್ನು ಅದೇ ಬೆಳಿಗ್ಗೆ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಅದನ್ನು ಹೇಳಿದಾಗ ಅವರು ನಕ್ಕರು. "ಅವರಿಗೆ ಊರಿಗೆ ಹೋಗುವ ತೊಂದರೆ ಇಲ್ಲ" ಅಂದರು. ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ. ದುಬೈಯಲ್ಲಿ ಕೂತು ನೋಡುವವರಿಗೆ ಜಾಹೀರಾತಿನ ದರವೂ ಊರಿಗಿಂತ ಮೇಲು, ಅದನ್ನೂ ಹೇಳಿದೆ. "ಹಾಗಾದರೆ ನಿಮಗೆ ಚಹಾ ಕೊಟ್ಟವನೂ ನಾನು, ಸಂಬಳ ಕೊಡುವವನೂ ನಾನು" ಅಂತ ಒಳಗೆ ಹೋದರು.

ಉಳಿದ ದಿನಗಳಲ್ಲಿ ನೋಡಬೇಕಾದ್ದನ್ನೆಲ್ಲ ನೋಡಿದೆ. ಒಂದು ದಿರ್ಹಮ್ ಕೊಟ್ಟು ಕ್ರೀಕ್ ದಾಟಿಸುವ ಅಬ್ರಾ ದೋಣಿಯಲ್ಲಿ ಆಚೀಚೆ ಓಡಾಡಿದೆ. ಬುರ್ಜ್ ಖಲೀಫಾವನ್ನು ಕೆಳಗಿಂದಲೇ ನೋಡಿದೆ, ಮೇಲೆ ಹತ್ತುವ ಟಿಕೆಟ್ ದುಬಾರಿ.

ಊರಿಗೆ ಬಂದವನೇ ಹಳೆಯ ಹಾರ್ಡ್‌ಡಿಸ್ಕ್ ಹುಡುಕಿ, ಆ ವಿಡಿಯೋವನ್ನು ಹಾಗೆಯೇ ಹಾಕಿ, ಅವರಿಗೆ ಲಿಂಕ್ ಕಳಿಸಿದೆ. ನಾಲ್ಕು ದಿನ ಸದ್ದಿಲ್ಲ. ಆಮೇಲೆ ಒಂದು ವಾಯ್ಸ್ ಮೆಸೇಜ್ ಬಂತು. ಹಿಂದೆ ಕೆಫೆಟೀರಿಯಾದ ಗಲಾಟೆ, ಯಾರೋ ಪರೋಟ ಕೇಳುತ್ತಿದ್ದರು.

"ಅಂಗಡಿ ಕಂಡಿತು. ಎದುರು ಲಾರಿ ನಿಂತಿದೆ, ಅರ್ಧವೇ ಕಾಣುವುದು. ಅಲ್ಲ ಮಾರಾಯ್ರೆ, ಉಪ್ಪಳದಲ್ಲಿ ಸ್ಕೂಟರನ್ನು ಅಷ್ಟು ಜೋರು ಓಡಿಸಲಿಕ್ಕೆ ಎಂತ ಅವಸರ ಇತ್ತು ನಿಮಗೆ?"